ಅಪೀಲಿನಲ್ಲಿ ರೈತನನ್ನು ಯಾರೂ ಕರೆಯುವುದಿಲ್ಲ

ಲಂಚದ ಕೇಸಿನಲ್ಲಿ ಶಿಕ್ಷೆಯಾದ ನೌಕರನೊಬ್ಬ ಅಪೀಲು ಹಾಕಿಕೊಂಡು ಖುಲಾಸೆಯಾದ ಅಂತ ಪೇಪರಿನಲ್ಲಿ ಬಂದ ದಿನ ನಮ್ಮ ಕಡೆ ಟೀ ಅಂಗಡಿಗಳಲ್ಲಿ ಒಂದೇ ಮಾತು. "ನೋಡ್ರಪ್ಪಾ, ದುಡ್ಡು ತಗೊಂಡು ಒಳಗೆ ಹೋದ, ದುಡ್ಡು ಕೊಟ್ಟು ಹೊರಗೆ ಬಂದ." ಹೇಳಿದವನಿಗೆ ಆ ಕೇಸಿನ ತಲೆಬುಡ ಗೊತ್ತಿರುವುದಿಲ್ಲ. ಕೇಳಿದವರೂ ಹೂಂಗುಟ್ಟಿ ಎದ್ದು ಹೋಗುತ್ತಾರೆ. ಈ ಮಾತಿನಿಂದ ನಷ್ಟವಾಗುವುದು ನಮಗೇ. ನಾಳೆ ಪೋಡಿಗೋ ಖಾತೆಗೋ ದುಡ್ಡು ಕೇಳಿಸಿಕೊಂಡ ರೈತನೊಬ್ಬ ದೂರು ಕೊಡಲು ಹೊರಟರೆ ಇದೇ ಮಾತು ಹೇಳಿ ಅವನನ್ನು ಬಸ್ ಸ್ಟಾಂಡಿನಿಂದಲೇ ವಾಪಸ್ಸು ಕಳಿಸುತ್ತೇವೆ.

ಅಪೀಲಿನ ತೀರ್ಪು ಬರುವುದು ಬೆಂಗಳೂರಿನಿಂದಲೋ ದೆಹಲಿಯಿಂದಲೋ ಇರಬಹುದು. ಆದರೆ ಆ ತೀರ್ಪಿಗೆ ಬೇಕಾದ ಸರಕು ಹೋಗುವುದು ನಮ್ಮ ಜಿಲ್ಲಾ ಕೋರ್ಟಿನಿಂದ. ದೂರು ಕೊಟ್ಟವನು ಒಂದು ದಿನ ಕಟಕಟೆಯಲ್ಲಿ ನಿಂತು ಏನು ಹೇಳಿದ ಎಂಬುದರ ಮೇಲೆ ಮುಂದಿನ ಹತ್ತು ವರ್ಷದ ಅಪೀಲು ನಿಂತಿರುತ್ತದೆ. ಆ ಒಂದು ದಿನ ಅವನ ಜೊತೆ ಊರಿನವರು ಯಾರಿದ್ದರು ಅಂತ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ನನ್ನದು ಮೈಸೂರಿನ ದಕ್ಷಿಣಕ್ಕೆ ಮಳೆ ನಂಬಿದ ನಾಲ್ಕೂವರೆ ಎಕರೆ. ರಾಗಿ, ಅಲಸಂದೆ, ಹುರುಳಿ, ಒಂದೊಂದು ವರ್ಷ ಹತ್ತಿ. ಓದು ಏಳನೇ ಕ್ಲಾಸು. ಕಾನೂನು ಪುಸ್ತಕ ಓದಿ ಅರ್ಥ ಮಾಡಿಕೊಳ್ಳುವಷ್ಟು ತಿಳಿವಳಿಕೆ ನನಗಿಲ್ಲ. ಆದರೆ ನನ್ನ ತಂಗಿಯ ಗಂಡ ಒಬ್ಬ ಅಧಿಕಾರಿಯ ಮೇಲೆ ಲಂಚದ ದೂರು ಕೊಟ್ಟವನು. ಅವನ ಜೊತೆ ಕೋರ್ಟಿಗೆ ಅಲೆದವನು ನಾನು. ಊರಿನಿಂದ ಬೆಳಗಿನ ಬಸ್ಸು ಹಿಡಿದರೆ ಕೋರ್ಟು ಕೂರುವ ಹೊತ್ತಿಗೆ ಮುಟ್ಟುವುದು ಕಷ್ಟ. ಅದಕ್ಕೆ ಹಿಂದಿನ ಸಂಜೆಯೇ ಬಂದು ವಿದ್ಯಾರಣ್ಯಪುರಂನಲ್ಲಿ ನನ್ನ ಮಗಳ ಮನೆಯಲ್ಲಿ ಮಲಗುತ್ತಿದ್ದೆವು. ಸೂಯೇಜ್ ಫಾರಂ ಕಡೆಯಿಂದ ಗಾಳಿ ತಿರುಗಿದರೆ ಆ ಕಸದ ರಾಶಿಯ ವಾಸನೆಗೆ ನಿದ್ದೆ ಹತ್ತುವುದಿಲ್ಲ. (ಅಷ್ಟು ಗೊಬ್ಬರ ನಮ್ಮ ಹೊಲದಲ್ಲಿದ್ದರೆ ಅಂತ ನಾನು ಯೋಚಿಸುತ್ತಿದ್ದೆ, ಅವನು ನಾಳೆ ವಕೀಲರು ಏನು ಕೇಳ್ತಾರೋ ಅಂತ ಯೋಚಿಸುತ್ತಿದ್ದ.) ಆ ರಾತ್ರಿಗಳಲ್ಲಿ ಮಗಳು ತೀರ್ಪುಗಳ ಸುದ್ದಿ ಓದಿ ಹೇಳುತ್ತಿದ್ದಳು. ತಿಳಿಯದ್ದನ್ನು ವಕೀಲರ ಹತ್ತಿರ ಕೇಳಿಕೊಂಡೆ. ಹಾಗೆ ಕಲಿತದ್ದನ್ನು ಬರೆಯುತ್ತಿದ್ದೇನೆ.

ಕೇಳಿದ್ದು ಬೇರೆ, ಸಿಕ್ಕಿದ್ದು ಬೇರೆ

ಲಂಚದ ಬಲೆ ಹೇಗೆ ಹಾಕುತ್ತಾರೆ ಅಂತ ಬಹಳ ಜನಕ್ಕೆ ಗೊತ್ತು. ದೂರುದಾರ ತಂದ ನೋಟುಗಳ ನಂಬರು ಬರೆದುಕೊಂಡು ಫಿನಾಫ್ತಲೀನ್ ಅನ್ನುವ ಬಿಳಿ ಪುಡಿ ಸವರುತ್ತಾರೆ. ಬೇರೆ ಇಲಾಖೆಯ ಇಬ್ಬರು ನೌಕರರು ಪಂಚರು. ಅವರಲ್ಲಿ ಒಬ್ಬ ನೆರಳಿನ ಹಾಗೆ ದೂರುದಾರನ ಜೊತೆ ಹೋಗುತ್ತಾನೆ. ದುಡ್ಡು ಕೈ ಬದಲಾದ ಮೇಲೆ ಸನ್ನೆ, ಪೊಲೀಸರು ಒಳಗೆ. ಅಧಿಕಾರಿಯ ಕೈಯನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ಬಾಟಲಿಗೆ ತುಂಬಿ ಸೀಲು ಮಾಡಿ ಪರೀಕ್ಷೆಗೆ ಕಳಿಸುತ್ತಾರೆ.

ನಮ್ಮ ಜನ ಇಲ್ಲಿಗೇ ಕೇಸು ಮುಗಿಯಿತು ಅಂದುಕೊಳ್ಳುತ್ತಾರೆ. ನೀರು ಗುಲಾಬಿಯಾಯಿತಲ್ಲ, ಇನ್ನೇನು ಬೇಕು? ಬೇಕು. ಬಣ್ಣದ ನೀರು ತೋರಿಸುವುದು ಅವನು ನೋಟು ಮುಟ್ಟಿದ ಅಂತ ಮಾತ್ರ. ಅವನು ದುಡ್ಡು ಕೇಳಿದ್ದನೇ ಎಂಬುದಕ್ಕೆ ನೀರು ಸಾಕ್ಷಿ ಹೇಳುವುದಿಲ್ಲ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ ಕೇಸುಗಳಲ್ಲಿ ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿರುವುದು ಇದನ್ನೇ. ಕೇಳಿದ್ದು ಸಾಬೀತಾಗಬೇಕು, ತಗೊಂಡಿದ್ದೂ ಸಾಬೀತಾಗಬೇಕು. ಕೇಳಿದ್ದು ಬಿದ್ದುಹೋದರೆ ಉಳಿದದ್ದೆಲ್ಲ ಬಿದ್ದುಹೋಗುತ್ತದೆ.

ಅಪೀಲಿನಲ್ಲಿ ನೌಕರನ ಪರ ವಕೀಲರು ಹಿಡಿಯುವುದು ಈ ಎಳೆಯನ್ನೇ. ಕೈಸಾಲ ವಾಪಸ್ಸು ಕೊಟ್ಟ, ಕಂದಾಯ ಬಾಕಿ ಕಟ್ಟಿಸಲು ಕೊಟ್ಟ, ಬೇಡ ಅಂದರೂ ಜೇಬಿಗೆ ತುರುಕಿದ. ಕೇಳಿದ್ದನ್ನು ಕೇಳಿಸಿಕೊಂಡವನು ದೂರುದಾರ, ಬಹಳವಾದರೆ ಆ ನೆರಳು ಸಾಕ್ಷಿ. ಇವರಿಬ್ಬರೂ ಸಡಿಲವಾದರೆ ಹೈಕೋರ್ಟಿನ ನ್ಯಾಯಮೂರ್ತಿ ತಾನೇ ಏನು ಮಾಡಬೇಕು?

2014ರಲ್ಲಿ ತೀರ್ಮಾನವಾದ ಬಿ. ಜಯರಾಜ್ ಕೇಸು ಇದಕ್ಕೆ ಉದಾಹರಣೆ. ಆಂಧ್ರದ ಮಂಡಲ ಕಂದಾಯ ಅಧಿಕಾರಿ, ದೂರು ಕೊಟ್ಟವನು ನ್ಯಾಯಬೆಲೆ ಅಂಗಡಿಯವನು, ಮೊತ್ತ 250 ರೂಪಾಯಿ. ಕೋರ್ಟಿಗೆ ಬಂದಾಗ ದೂರುದಾರನೇ ತಿರುಗಿ ನಿಂತ, ಅವರು ಕೇಳಲಿಲ್ಲ ಅಂದ. ಕೆಳಗಿನ ಎರಡೂ ಕೋರ್ಟು ಕೊಟ್ಟಿದ್ದ ಶಿಕ್ಷೆಯನ್ನು ಸುಪ್ರೀಂ ಕೋರ್ಟು ತೆಗೆದುಹಾಕಿತು. ಮರುವರ್ಷ, 2015ರಲ್ಲಿ, ಪಿ. ಸತ್ಯನಾರಾಯಣ ಮೂರ್ತಿ ಕೇಸು. ಅದರಲ್ಲಿ ದೂರುದಾರ ವಿಚಾರಣೆಗೆ ಮೊದಲೇ ತೀರಿಹೋಗಿದ್ದ. ಕೇಳಿದ್ದನ್ನು ಹೇಳುವವರಿಲ್ಲ ಅಂತ ಅದೂ ಖುಲಾಸೆ.

ಹಾಗಾದರೆ ದೂರುದಾರ ಸತ್ತರೆ, ಇಲ್ಲವೇ ಹೆದರಿ ತಿರುಗಿಬಿದ್ದರೆ ಲಂಚ ತಿಂದವನು ಬಚಾವಾ? ಈ ಪ್ರಶ್ನೆ ಐದು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಮುಂದೆ ಹೋಯಿತು. ಅದು ದೆಹಲಿಯ ನೀರಜ್ ದತ್ತಾ ಪ್ರಕರಣ, ಕರೆಂಟು ಮೀಟರು ಹಾಕಿಸುವ ವಿಚಾರದಲ್ಲಿ 2000ನೇ ಇಸವಿಯಲ್ಲಿ ನಡೆದ ಬಲೆ. ಆ ಪೀಠದ ಐವರಲ್ಲಿ ಅಬ್ದುಲ್ ನಜೀರ್, ಎ.ಎಸ್. ಬೋಪಣ್ಣ, ಬಿ.ವಿ. ನಾಗರತ್ನ ಈ ಮೂವರು ನಮ್ಮ ಕರ್ನಾಟಕದವರು. ತೀರ್ಪು ಬರೆದವರು ನಾಗರತ್ನ ಅವರು. 2022ರ ಡಿಸೆಂಬರ್ 15ರಂದು ಪೀಠ ಹೇಳಿದ್ದು ಇಷ್ಟು. ದೂರುದಾರ ಸತ್ತರೂ, ತಿರುಗಿಬಿದ್ದರೂ ಕೇಸು ತಾನಾಗಿ ಸಾಯುವುದಿಲ್ಲ. ಬೇರೆ ಸಾಕ್ಷಿಯ ಮಾತಿನಿಂದ, ಕಾಗದಪತ್ರದಿಂದ, ಸಂದರ್ಭದಿಂದ ಕೇಳಿದ್ದನ್ನು ಸಾಬೀತು ಮಾಡಬಹುದು. ಆದರೆ ಕೇಳಿದ್ದು ಸಾಬೀತಾಗಲೇಬೇಕು ಎಂಬ ನಿಯಮ ಮಾತ್ರ ಅಲ್ಲಾಡಲಿಲ್ಲ.

ಮುಂದೆ ಏನಾಯಿತು ಗೊತ್ತೇ? ಅದೇ ಕೇಸು ಇಬ್ಬರು ನ್ಯಾಯಮೂರ್ತಿಗಳ ಮುಂದೆ ವಾಪಸ್ಸು ಹೋಯಿತು. 2023ರ ಮಾರ್ಚಿನಲ್ಲಿ ಅವರು ಹೊಸ ನಿಯಮ ಹಿಡಿದೇ ಕಾಗದ ಪೂರ್ತಿ ನೋಡಿದರು. ದುಡ್ಡು ತಗೊಂಡದ್ದಕ್ಕೆ ಪುರಾವೆ ಇತ್ತು, ಕೇಳಿದ್ದಕ್ಕೆ ಇರಲಿಲ್ಲ. ಆ ನೌಕರರನ್ನು ಬಿಡುಗಡೆ ಮಾಡಿದರು. ಬಲೆ ಬಿದ್ದು 23 ವರ್ಷ ಆಗಿತ್ತು. ದೂರು ಕೊಟ್ಟವನು ಎಂದೋ ತೀರಿಹೋಗಿದ್ದ. ಅವನು ಕಟಕಟೆಗೆ ಬಂದು ಒಂದು ಗಂಟೆ ಮಾತಾಡಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ.

ನಮ್ಮ ರಾಜ್ಯದ ಎರಡು ಕೇಸು

ಅಪೀಲು ಅಂದರೆ ಖುಲಾಸೆ ಅಂತಲೇ ತಿಳಿಯುವುದು ಬೇಡ. ಅದು ಎರಡೂ ಕಡೆಗೆ ಉರುಳುತ್ತದೆ.

ಕಲಬುರಗಿ ಜಿಲ್ಲೆ ಅಫಜಲಪುರದ ಉಪ ಖಜಾನೆಯಲ್ಲಿ 2009ರಲ್ಲಿ ಒಬ್ಬ ಪ್ರಥಮ ದರ್ಜೆ ಸಹಾಯಕರನ್ನು ಹಿಡಿದರು. ಇನ್ನೊಬ್ಬ ಸರ್ಕಾರಿ ನೌಕರನ ರಜೆ ಸಂಬಳದ ಬಿಲ್ಲು, ಕೇಳಿದ್ದು 2,000 ರೂಪಾಯಿ. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು. ಅಪೀಲಿನಲ್ಲಿ ಹೈಕೋರ್ಟು ಬಿಟ್ಟಿತು. ಬಿಲ್ಲು ಆಗಲೇ ಪಾಸಾಗಿತ್ತು, ಅವರ ಹತ್ತಿರ ಕೆಲಸವೇ ಬಾಕಿ ಇರಲಿಲ್ಲ, ಮತ್ತೆ ಲಂಚ ಎಲ್ಲಿಂದ ಬಂತು ಎಂಬ ವಾದ. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಕರ್ನಾಟಕ ಸರ್ಕಾರ ವಿರುದ್ಧ ಚಂದ್ರಶಾ ಎಂಬ ಆ ಕೇಸಿನಲ್ಲಿ 2024ರ ನವೆಂಬರಿನಲ್ಲಿ ತೀರ್ಪು ಬಂತು, ಕೆಳಗಿನ ಕೋರ್ಟಿನ ತೀರ್ಮಾನವೇ ನಿಂತಿತು. ಮೊತ್ತ ಸಣ್ಣದು ಎಂಬ ಮಾತಿಗೂ ಕೋರ್ಟು ಸೊಪ್ಪು ಹಾಕಲಿಲ್ಲ. ಎಷ್ಟು ದುಡ್ಡು ಅಂತಲ್ಲ, ಯಾವ ಕೆಲಸಕ್ಕೆ ಎಷ್ಟು ಅಂತ ನೋಡಬೇಕು ಎಂದಿತು. ಈ ಮಾತು ನಮಗೆ ಮುಖ್ಯ. ಎರಡು ಸಾವಿರ ಒಬ್ಬರಿಗೆ ಒಂದು ಹೊತ್ತಿನ ಹೋಟೆಲು ಖರ್ಚು, ನಮಗೆ ಒಂದು ಉಳುಮೆಯ ಟ್ರ್ಯಾಕ್ಟರ್ ಬಾಡಿಗೆ.

ಇನ್ನೊಂದು ದಾವಣಗೆರೆಯದು. ಜಾತಿ ಪರಿಶೀಲನೆಯ ವರದಿಗೆ ವಿಸ್ತರಣಾಧಿಕಾರಿಯೊಬ್ಬರು 1,500 ರೂಪಾಯಿ ಕೇಳಿದರು ಎಂಬ ದೂರು. ಅಲ್ಲಿಯೂ ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟು ಹೈಕೋರ್ಟು ಬಿಟ್ಟಿತ್ತು. ಲೋಕಾಯುಕ್ತ ಪೊಲೀಸರು ಸುಪ್ರೀಂ ಕೋರ್ಟಿಗೆ ಹೋದರು. 2025ರ ಮೇ ತಿಂಗಳಲ್ಲಿ ಅವರ ಅಪೀಲು ವಜಾ ಆಯಿತು. ಕೇಳಿದ್ದು ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಸಾಬೀತಾಗಿಲ್ಲ ಅಂದರು.

ಒಂದೇ ರಾಜ್ಯ, ಒಂದೇ ಕಾಯ್ದೆ, ಆರು ತಿಂಗಳ ಅಂತರದಲ್ಲಿ ಎರಡು ತೀರ್ಪು, ಒಂದು ಆ ಕಡೆ ಒಂದು ಈ ಕಡೆ. ದುಡ್ಡು ಕೊಟ್ಟು ಹೊರಗೆ ಬಂದರು ಅನ್ನುವವರು ಇವೆರಡನ್ನೂ ಪಕ್ಕ ಪಕ್ಕ ಇಟ್ಟು ನೋಡಲಿ. ಎರಡರಲ್ಲೂ ಕೋರ್ಟು ಹುಡುಕಿದ್ದು ಒಂದನ್ನೇ. ಕೇಳಿದ್ದಕ್ಕೆ ಗಟ್ಟಿ ಮಾತು ಇದೆಯೇ, ಇಲ್ಲವೇ.

ಜಗಲಿಯ ಮೇಲೆ ನಡೆಯುವ ವಿಚಾರಣೆ

ಈಗ ನನ್ನ ತಂಗಿ ಗಂಡನ ವಿಚಾರ. ಊರು, ಕಚೇರಿ, ಅಧಿಕಾರಿ ಯಾರದ್ದೂ ಹೆಸರು ಬೇಡ, ಕೇಸು ಇನ್ನೂ ಇದೆ. ಅಣ್ಣ ತಮ್ಮಂದಿರ ಭಾಗವಾಗಿ ಇವನಿಗೆ ಬಂದ ಎರಡು ಎಕರೆ ಹತ್ತು ಗುಂಟೆಗೆ ಪೋಡಿ ಆಗಬೇಕಿತ್ತು. ಅಳತೆ ಆಗಿ ನಕ್ಷೆ ಕೈಗೆ ಬರಲು ಆರು ಸಾವಿರ ಕೇಳಿದರು. 2014ರಲ್ಲಿ ದೂರು ಕೊಟ್ಟ, ಬಲೆ ಬಿತ್ತು. ಅವನ ಸಾಕ್ಷಿ ಆಗಿದ್ದು 2018ರಲ್ಲಿ. ನಾಲ್ಕು ವರ್ಷ. ಅದರ ನಡುವೆ ಸಮನ್ಸು ಬಂದು ಹೋಗಿ ವಾಪಸ್ಸು ಬಂದದ್ದು ಆರು ಸಲ. ಒಂದು ಸಲ ವಕೀಲರಿಗೆ ಹುಷಾರಿಲ್ಲ, ಒಂದು ಸಲ ಪಂಚ ಬಂದಿಲ್ಲ, ಒಂದು ಸಲ ನ್ಯಾಯಾಧೀಶರ ವರ್ಗಾವಣೆ. ಒಂದು ಸಲವಂತೂ ಹುರುಳಿ ಒಕ್ಕಣೆ ಬಿಟ್ಟು ಹೋಗಿದ್ದೆವು. ಮೋಡ ಕವಿದಿತ್ತು. ವಾಪಸ್ಸು ಬರುವಷ್ಟರಲ್ಲಿ ಕಣದಲ್ಲಿ ನೀರು.

ಇದನ್ನೆಲ್ಲ ತಡಕೊಳ್ಳಬಹುದು. ತಡೆಯಲಾಗದ್ದು ಊರಿನೊಳಗಿನ ಒತ್ತಡ. ಹೆದರಿಸಿದವರು ಯಾರೂ ಇಲ್ಲ, ಸತ್ಯವಾಗಿ ಹೇಳುತ್ತೇನೆ. ಎಲ್ಲರೂ ಒಳ್ಳೆಯ ಮಾತಿನಲ್ಲೇ ಬಂದರು. ದೇವಸ್ಥಾನದ ಯಜಮಾನರು ಬಂದರು. "ಆಗಿದ್ದು ಆಗೋಯ್ತು ಕಣಪ್ಪ, ಅವನ ಹೊಟ್ಟೆ ಮೇಲೆ ಹೊಡೆದು ನಿನಗೇನು ಬರ್ತದೆ?" ಪಕ್ಕದ ಊರಿನ ಮೇಷ್ಟ್ರು ಬಂದರು. "ನೀನು ಸುಳ್ಳು ಹೇಳಬೇಡ, ನೆನಪಿಲ್ಲ ಅಂದರೆ ಸಾಕು." ಕೊನೆಗೆ ಆ ಅಧಿಕಾರಿಯ ಹೆಂಡತಿಯೇ ಬಂದರು, ಮಗುವನ್ನು ಕರಕೊಂಡು. ಜಗಲಿ ಮೇಲೆ ಕೂತು ಅತ್ತರು. ನನ್ನ ತಂಗಿ ಕಾಫಿ ಮಾಡಿಕೊಟ್ಟಳು. ಅವರು ಹೋದ ಮೇಲೆ ಗಂಡನಿಗೆ ಹೇಳಿದಳು, "ಬಿಟ್ಟಾಕಿ, ನಮಗೂ ಮಕ್ಕಳವೆ." ಎರಡು ದಿನ ಮನೆಯಲ್ಲಿ ಮಾತಿಲ್ಲ.

ನೆನಪಿಲ್ಲ ಅಂದರೆ ಸಾಕು. ಈ ಮಾತು ಎಷ್ಟು ಸಲೀಸಾಗಿದೆ ನೋಡಿ. ಸುಳ್ಳು ಹೇಳಿದ ಪಾಪವೂ ಇಲ್ಲ, ಊರಿನವರ ಮುಖ ಕೆಡುವುದೂ ಇಲ್ಲ. ಎಷ್ಟೋ ಕೇಸುಗಳ ಬೇರು ಕಡಿಯುವುದು ಇದೇ ಮಾತು. ಆ ಕೇಸು ಕೆಳಗಿನ ಕೋರ್ಟಿನಲ್ಲಿ ಹೇಗೋ ಶಿಕ್ಷೆಯಾಗಿ ಮೇಲೆ ಹೋದರೂ, ಅಲ್ಲಿ ಕಾಗದ ಬಿಚ್ಚಿದ ಕೂಡಲೇ ಕಣ್ಣಿಗೆ ಬೀಳುವುದು ಅದೇ ಮಾತು.

ಅವನು ನೆನಪಿಲ್ಲ ಅನ್ನಲಿಲ್ಲ. ಸವಾಲು ಹಾಕಿದ ವಕೀಲರು ಊಟದ ಬಿಡುವಿನ ತನಕ ನಿಲ್ಲಿಸಿ ಕೇಳಿದರು. ಅವತ್ತು ಯಾವ ಬಣ್ಣದ ಅಂಗಿ, ಬಾಗಿಲು ಯಾವ ದಿಕ್ಕಿಗೆ, ಮೊದಲು ಯಾರು ಮಾತಾಡಿದ್ದು, ಅಧಿಕಾರಿಯ ಮೇಲೆ ನಿನಗೆ ಹಳೆಯ ದ್ವೇಷವಲ್ಲವೇ. ಒಂದೆರಡು ಕಡೆ ಅವನು ತಡವರಿಸಿದ. ಆದರೆ ಒಂದು ಕಡೆ ಸ್ವಲ್ಪ ಜೋರಾಗಿಯೇ ಹೇಳಿದ, "ಅವರು ಕೇಳಿದ್ರು ಅಂತಾನೇ ಕೊಟ್ಟೆ ಸ್ವಾಮಿ. ಕೇಳದೇ ಇದ್ದಿದ್ರೆ ನಾನ್ಯಾಕೆ ಕೊಡ್ತಿದ್ದೆ, ನನ್ನತ್ರ ಏನು ಕೊಪ್ಪರಿಗೆ ಇತ್ತಾ?" ನ್ಯಾಯಾಧೀಶರು ಅದನ್ನು ಬರೆಸಿದರು, ಟೈಪಾಯಿತು, ಓದಿ ಹೇಳಿ ಸಹಿ ಹಾಕಿಸಿಕೊಂಡರು. ಕೊಪ್ಪರಿಗೆ ಎಂಬ ಪದ ಕಾಗದಕ್ಕೆ ಬಂತೋ ಇಲ್ಲವೋ ನಾನು ಕಾಣೆ.

2019ರ ಕೊನೆಗೆ ನಾಲ್ಕು ವರ್ಷ ಶಿಕ್ಷೆಯಾಯಿತು. ಅಪೀಲು ಹೈಕೋರ್ಟಿಗೆ ಹೋಯಿತು, ಶಿಕ್ಷೆ ಅಮಾನತಿನಲ್ಲಿದೆ, ಅಧಿಕಾರಿ ಜಾಮೀನಿನ ಮೇಲೆ ಹೊರಗಿದ್ದಾರೆ. ಅಪೀಲು ಅಂದ ಕೂಡಲೇ ತಂಗಿ ಗಂಡ ಗಾಬರಿಯಾಗಿ ಕೇಳಿದ, "ಇನ್ನು ಬೆಂಗಳೂರಿಗೆ ಎಷ್ಟು ಸಲ ಹೋಗಬೇಕು?" ಒಂದು ಸಲವೂ ಇಲ್ಲ ಅಂದರು ಸರ್ಕಾರಿ ವಕೀಲರು. ಅಪರೂಪದ ಕೇಸು ಬಿಟ್ಟರೆ ಅಪೀಲಿನಲ್ಲಿ ಸಾಕ್ಷಿ ಕರೆಯುವುದಿಲ್ಲವಂತೆ. ಕೆಳಗೆ ಟೈಪಾದ ಕಾಗದವನ್ನೇ ಓದಿ ಎರಡೂ ಕಡೆ ವಕೀಲರು ವಾದ ಮಾಡುತ್ತಾರೆ. ಅಂದರೆ ಅವನು ಅಂದು ಹೇಳಿದ ಮಾತು ಅವನಿಲ್ಲದೆಯೇ ಬೆಂಗಳೂರಿಗೆ ಹೋಗಿದೆ. ಇನ್ನು ಅದಕ್ಕೆ ಒಂದು ಅಕ್ಷರ ಸೇರಿಸುವ ಹಾಗಿಲ್ಲ, ಕಳೆಯುವ ಹಾಗಿಲ್ಲ.

ಈ ಸಂಗತಿ ನಮ್ಮ ಜನಕ್ಕೆ ತಿಳಿಯಬೇಕು ಅಂತಲೇ ಇಷ್ಟು ಬರೆದದ್ದು. ಶಿಕ್ಷೆಯಾದ ಮೇಲೆ ಹೈಕೋರ್ಟು ಏನು ಮಾಡುತ್ತೋ ಅಂತ ಕಾಯುತ್ತಾ ಕೂರುವುದರಲ್ಲಿ ಏನೂ ಇಲ್ಲ. ನಮ್ಮ ಕೈಯಲ್ಲಿ ಇರುವುದು ಆ ಒಂದು ದಿನ ಮತ್ತು ಆ ದಿನಕ್ಕೆ ಮೊದಲಿನ ಜಗಲಿಯ ಮಾತುಗಳು.

ಗುಮಾಸ್ತರ ಮಾತು

ಮಗಳ ಮನೆಯ ಸಾಲಿನಲ್ಲೇ ಒಬ್ಬ ನಿವೃತ್ತ ಗುಮಾಸ್ತರಿದ್ದಾರೆ. ವಿದ್ಯಾರಣ್ಯಪುರಂ ಅಂದರೆ ಅಂಥವರು ಬಹಳ, ರೇಷ್ಮೆ ಕಾರ್ಖಾನೆಯಲ್ಲಿ ದುಡಿದವರು, ಕಚೇರಿಗಳಲ್ಲಿ ದುಡಿದವರು. ಸಂಜೆ ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಾವು ಯಾಕೆ ಬರುತ್ತೇವೆ ಅಂತ ಅವರಿಗೆ ಗೊತ್ತಾಯಿತು. ಒಂದು ದಿನ ಅಂದರು, "ಯಜಮಾನ್ರೇ, ನಿಮಗೆ ಟ್ರ್ಯಾಪು ಅಂದರೆ ಹಬ್ಬ. ನಮ್ಮವರ ಮನೆಯಲ್ಲಿ ಏನಾಗುತ್ತೆ ಗೊತ್ತಾ?" ಅವರ ಜೊತೆಗಿದ್ದ ಒಬ್ಬರ ಕಥೆ ಹೇಳಿದರು. ಯಾರದೋ ಅಡ್ಡ ಕೆಲಸ ಮಾಡಿಕೊಡಲ್ಲ ಅಂದದ್ದಕ್ಕೆ ಅವನೇ ದೂರು ಕೊಟ್ಟು ಮೇಜಿನ ಮೇಲೆ ನೋಟಿಟ್ಟು ಓಡಿದನಂತೆ. ಸಸ್ಪೆಂಡು, ಪೇಪರಿನಲ್ಲಿ ಫೋಟೋ, ಮಗಳಿಗೆ ಬಂದಿದ್ದ ಸಂಬಂಧ ಮುರಿಯಿತು. ವರ್ಷಗಳ ಮೇಲೆ ಖುಲಾಸೆ. "ಖುಲಾಸೆ ಅಂತ ಬಂದಾಗ ಪೇಪರಿನವರು ಫೋಟೋ ಹಾಕಲಿಲ್ಲ" ಅಂದರು.

ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ರಾಗಿ ಹೊಲದಲ್ಲಿ ಎಳೆಯ ಪೈರಿನ ನಡುವೆ ಕಾಡುರಾಗಿ ಯಾವುದು ಅಂತ ಗೊತ್ತಾಗಲು ಅನುಭವದ ಕಣ್ಣು ಬೇಕು, ಅವಸರಕ್ಕೆ ಕಿತ್ತರೆ ರಾಗಿಯೂ ಹೋಗುತ್ತದೆ. ಕೇಳಿದ್ದು ಸಾಬೀತಾಗಲೇಬೇಕು ಅಂತ ಕೋರ್ಟು ಹಟ ಹಿಡಿಯುವುದು ಇಂಥವರಿಗಾಗಿ. ಅಪೀಲು ಇರುವುದೂ ಇಂಥವರಿಗಾಗಿ. ಅಪೀಲೇ ಬೇಡ ಅನ್ನುವ ರೈತ ಮುಖಂಡರ ಭಾಷಣಕ್ಕೆ ನಾನು ಚಪ್ಪಾಳೆ ತಟ್ಟುವವನಲ್ಲ. ನಾಳೆ ನಮ್ಮ ಮಗನೇ ಗ್ರಾಮ ಆಡಳಿತಾಧಿಕಾರಿಯಾಗಿ ಆ ಕುರ್ಚಿಯಲ್ಲಿ ಕೂರಬಹುದು.

ಆದರೆ ಗುಮಾಸ್ತರಿಗೆ ನಾನೂ ಒಂದು ಕೇಳಿದೆ. "ಸ್ವಾಮಿ, ನಿಮ್ಮ ಸ್ನೇಹಿತರಿಗೆ ಅಷ್ಟು ವರ್ಷ ಯಾಕೆ ಬೇಕಾಯಿತು? ತಪ್ಪಿಲ್ಲದವರಿಗೆ ಒಂದೇ ವರ್ಷದಲ್ಲಿ ಬಿಡುಗಡೆ ಸಿಕ್ಕಿದ್ದರೆ ಮದುವೆ ನಿಲ್ಲುತ್ತಿತ್ತಾ?" ಅವರು ತಲೆದೂಗಿದರು. ತಡವಾದರೆ ತಪ್ಪಿಲ್ಲದ ನೌಕರನಿಗೂ ನಷ್ಟ, ದೂರು ಕೊಟ್ಟ ರೈತನಿಗೂ ನಷ್ಟ. ಲಾಭ ಇರುವುದು ನಿಜವಾಗಿ ತಿಂದವನಿಗೆ ಮಾತ್ರ.

ಗಡುವು ಹಾಕಲು ಆಗುತ್ತದೆ

2018ರಲ್ಲಿ ಕಾಯ್ದೆಗೆ ತಿದ್ದುಪಡಿಯಾದಾಗ ವಿಚಾರಣೆ ಎರಡು ವರ್ಷದೊಳಗೆ ಮುಗಿಸಲು ಪ್ರಯತ್ನ ಮಾಡಬೇಕು, ಎಷ್ಟೇ ಮುಂದೂಡಿದರೂ ಒಟ್ಟು ನಾಲ್ಕು ವರ್ಷ ಮೀರಬಾರದು ಅಂತ ಸೇರಿಸಿದರು. ಒಳ್ಳೆಯದು. ಆದರೆ ಆ ಎರಡು, ನಾಲ್ಕು ವರ್ಷದ ಲೆಕ್ಕ ಕೆಳಗಿನ ಕೋರ್ಟಿಗೆ. ಅಪೀಲಿಗೆ ಆ ಕಾಯ್ದೆಯಲ್ಲಿ ಗಡುವಿಲ್ಲ. ನಮ್ಮವನು ದೂರು ಕೊಟ್ಟ ವರ್ಷ ಬದುವಿನಲ್ಲಿ ನೆಟ್ಟ ಹುಣಸೆ ಈಗ ಹಣ್ಣು ಉದುರಿಸುತ್ತಿದೆ. ಅಪೀಲು ಮಾತ್ರ ಇನ್ನೂ ಕಟ್ಟಿನಲ್ಲಿದೆ.

ಹೈಕೋರ್ಟಿನಲ್ಲಿ ಕೇಸುಗಳ ರಾಶಿ ಇದೆ, ಏನು ಮಾಡಲು ಆಗುತ್ತೆ ಅನ್ನುತ್ತಾರೆ. ಜಯಲಲಿತಾ ಅವರ ಕೇಸು ನೆನಪು ಮಾಡಿಕೊಳ್ಳಿ. ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದವರು, ತಮಿಳುನಾಡಿನ ಮುಖ್ಯಮಂತ್ರಿಯಾದವರು. ಅದು ಲಂಚದ ಬಲೆಯಲ್ಲ, ಆದಾಯ ಮೀರಿದ ಆಸ್ತಿಯ ಕೇಸು, ಆದರೂ ಅದೇ ಕಾಯ್ದೆ. ಬೆಂಗಳೂರಿನ ವಿಶೇಷ ಕೋರ್ಟು ಶಿಕ್ಷೆ ಕೊಟ್ಟಿದ್ದು 2014ರ ಸೆಪ್ಟೆಂಬರ್ 27ಕ್ಕೆ. ಅಪೀಲನ್ನು ಮೂರು ತಿಂಗಳಲ್ಲಿ ಮುಗಿಸಿ ಅಂತ ಸುಪ್ರೀಂ ಕೋರ್ಟು ಹೇಳಿತು. ಸ್ವಲ್ಪ ಹೆಚ್ಚು ಹಿಡಿದರೂ 2015ರ ಮೇ 11ಕ್ಕೆ ಹೈಕೋರ್ಟು ತೀರ್ಪು ಕೊಟ್ಟು ಬಿಡುಗಡೆ ಮಾಡಿತು. 2017ರ ಫೆಬ್ರವರಿ 14ಕ್ಕೆ ಸುಪ್ರೀಂ ಕೋರ್ಟು ಆ ಬಿಡುಗಡೆಯನ್ನು ತೆಗೆದು ಕೆಳಗಿನ ಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು. ಲಾರಿಗಟ್ಟಲೆ ಕಾಗದ ಇದ್ದಿರಬೇಕಾದ ಅಂಥ ಕೇಸಿನ ಎರಡು ಅಪೀಲು ಎರಡೂವರೆ ವರ್ಷದಲ್ಲಿ ಮುಗಿದವು. ಆರು ಸಾವಿರ ರೂಪಾಯಿಯ, ನಾಲ್ಕು ಸಾಕ್ಷಿಯ ಕೇಸಿಗೆ ಒಂದು ವರ್ಷದ ಗಡುವು ಹಾಕಲು ಯಾಕೆ ಆಗುವುದಿಲ್ಲ? ಇದನ್ನು ಕಾಯ್ದೆಯಲ್ಲೇ ಬರೆಯಬೇಕು ಅಂತ ನನ್ನ ಅಭಿಪ್ರಾಯ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಅಪೀಲು ಹಾಕಿದ್ದಾರೆ, ಹಾಗಾಗಿ ಅದು ಮುಗಿಯುವ ತನಕ ನೌಕರಿಯಿಂದ ತೆಗೆಯುವ ಹಾಗಿಲ್ಲ ಅಂತ ಕಚೇರಿಗಳಲ್ಲೇ ಹೇಳುತ್ತಾರೆ. ಹಾಗೇನಿಲ್ಲ. ಶಿಕ್ಷೆಯಾದ ನೌಕರನನ್ನು ಬೇರೆ ವಿಚಾರಣೆ ನಡೆಸದೆ ವಜಾ ಮಾಡಲು ಸಂವಿಧಾನದ 311ನೇ ವಿಧಿಯಲ್ಲೇ ಅವಕಾಶ ಇದೆ. ಅಪೀಲು ಮುಗಿಯುವ ತನಕ ಕಾಯಬೇಕಾಗಿಲ್ಲ ಅಂತ 1995ರಲ್ಲೇ ನಾಗೂರ್ ಮೀರಾ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 2001ರಲ್ಲಿ ಕೆ.ಸಿ. ಸರೀನ್ ಕೇಸಿನಲ್ಲಿ ಇನ್ನೂ ಬಿಗಿಯಾಗಿ ಹೇಳಿತು. ಜೈಲು ಶಿಕ್ಷೆ ಅಮಾನತು ಮಾಡಬಹುದು, ಆದರೆ ಅಪರಾಧಿ ಎಂಬ ತೀರ್ಮಾನವನ್ನು ತಡೆಹಿಡಿದು ಅಂಥವನನ್ನು ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಬಾರದು ಅಂತ. ಮುಂದೆ ಅಪೀಲಿನಲ್ಲಿ ಗೆದ್ದರೆ ಅವನ ನೌಕರಿಯ ವಿಚಾರ ಮತ್ತೆ ನೋಡಬಹುದು, ಅದು ಸರಿ. ಆದರೆ ಶಿಕ್ಷೆಯಾದವನ ಮುಂದೆ ಅದೇ ರೈತ ಅರ್ಜಿ ಹಿಡಿದು ನಿಲ್ಲುವ ಹಾಗಾಗಬಾರದು.

ದೂರು ಕೊಡುವವರು ತಿಳಿದಿರಬೇಕಾದ ಒಂದೆರಡು ಮಾತು. 2018ರ ತಿದ್ದುಪಡಿಯಿಂದ ಲಂಚ ಕೊಟ್ಟವನೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೆ ತಿಳಿಸಬೇಕು, ಆಗ ನಿಮ್ಮ ಮೇಲೆ ಕೇಸಿಲ್ಲ. ಕೊಡುವ ಮೊದಲೇ ಹೋಗಿ ದೂರು ಕೊಟ್ಟು ಬಲೆಗೆ ಸಹಾಯ ಮಾಡಿದವರಿಗೂ ತೊಂದರೆ ಇಲ್ಲ. ನಮ್ಮ ರಾಜ್ಯದಲ್ಲಿ 2016ರಿಂದ ಭ್ರಷ್ಟಾಚಾರ ನಿಗ್ರಹ ದಳ ಅಂತ ಇತ್ತು, 2022ರ ಆಗಸ್ಟಿನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿ ಕೇಸುಗಳನ್ನೆಲ್ಲ ಲೋಕಾಯುಕ್ತಕ್ಕೆ ವಾಪಸ್ಸು ಕೊಟ್ಟಿತು. ಹಾಗಾಗಿ ಜಿಲ್ಲೆಯ ಲೋಕಾಯುಕ್ತ ಪೊಲೀಸರಲ್ಲಿಗೇ ಹೋಗಿ. ದುಡ್ಡು ಕೇಳಿದ ಮಾತು ಮೊಬೈಲಿನಲ್ಲಿ ರೆಕಾರ್ಡಾಗಿದ್ದರೆ ಆ ಮೊಬೈಲನ್ನೇ ಜೋಪಾನ ಮಾಡಿ. ಮಕ್ಕಳ ಕೈಗೆ ಕೊಟ್ಟು ಅಳಿಸಿಹೋದ ಕಥೆ ಕೇಳಿದ್ದೇನೆ. ದೂರು ಕೊಟ್ಟ ದಿನ ಏನು ನಡೆಯಿತು, ಅವರು ಯಾವ ಮಾತಿನಲ್ಲಿ ಕೇಳಿದರು ಅಂತ ಅವತ್ತೇ ಒಂದು ನೋಟ್ ಬುಕ್ಕಿನಲ್ಲಿ ನಿಮ್ಮ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ಸಾಕ್ಷಿ ಹೇಳುವ ದಿನ ಬರುವಷ್ಟರಲ್ಲಿ ನಾಲ್ಕು ಬೆಳೆ ಆಗಿರುತ್ತದೆ, ಮನುಷ್ಯನ ನೆನಪು ಎಷ್ಟು ದಿನ? ಯಾರಾದರೂ ಹೆದರಿಸಿದರೆ ಸಾಕ್ಷಿ ರಕ್ಷಣೆ ಯೋಜನೆ ಅಂತ 2018ರಲ್ಲಿ ಸುಪ್ರೀಂ ಕೋರ್ಟು ಒಪ್ಪಿದ್ದು ಇದೆ. ಜಿಲ್ಲಾ ನ್ಯಾಯಾಧೀಶರ ಸಮಿತಿಗೆ ಅರ್ಜಿ ಕೊಡಬಹುದು.

ಸರ್ಕಾರ ಮಾಡಬೇಕಾದ್ದು ಒಂದಿದೆ, ಅದಕ್ಕೆ ಹೊಸ ಕಾಯ್ದೆಯೂ ಬೇಡ. ದೂರು ಕೊಟ್ಟವನ ಕೆಲಸವನ್ನು ಬೇರೆ ಅಧಿಕಾರಿಗೆ ವಹಿಸಿ ತಿಂಗಳೊಳಗೆ ಮುಗಿಸಿಕೊಡಬೇಕು. ನನ್ನ ತಂಗಿ ಗಂಡನ ಪೋಡಿ ಆಗಿದ್ದು ಅಧಿಕಾರಿಗೆ ಶಿಕ್ಷೆಯಾಗಿ ಒಂದೂವರೆ ವರ್ಷದ ಮೇಲೆ. ಅಲ್ಲಿಯ ತನಕ ಕಚೇರಿಗೆ ಹೋದಾಗಲೆಲ್ಲ ಫೈಲು ಕೋರ್ಟಿನಲ್ಲಿದೆ ಅನ್ನುತ್ತಿದ್ದರು. ಯಾರೂ ದುಡ್ಡು ಕೇಳಲಿಲ್ಲ, ಯಾರೂ ಕೆಲಸವನ್ನೂ ಮಾಡಲಿಲ್ಲ. ಬ್ಯಾಂಕಿನ ಬೆಳೆ ಸಾಲ ಅಷ್ಟು ವರ್ಷ ಅಣ್ಣನ ಹೆಸರಿನ ಪಹಣಿಯಲ್ಲೇ ತೆಗೆಯಬೇಕಾಯಿತು. ಇದನ್ನು ಕಂಡ ಊರಿನವರು ಯಾವ ಪಾಠ ಕಲಿತರು ಅಂತ ಬೇರೆ ಹೇಳಬೇಕೇ?

ನಮ್ಮ ರೈತ ಸಂಘದಲ್ಲಿ ಈ ವಿಚಾರ ಎತ್ತಿದೆ. ಜಗಳ ಆಯಿತು. ಯಾರೋ ಒಬ್ಬನ ಕೋರ್ಟು ಖರ್ಚಿಗೆ ನಾವ್ಯಾಕೆ ಕೊಡಬೇಕು ಅಂದರು ಕೆಲವರು. ಕೊನೆಗೆ ಮನೆಗೆ ತಿಂಗಳಿಗೆ ಇಪ್ಪತ್ತು ರೂಪಾಯಿ ಹಾಕುವುದು ಅಂತ ಆಯಿತು. ಲಂಚದ ದೂರು ಕೊಟ್ಟವನಿಗೆ ಕೋರ್ಟಿನ ದಿನ ಬಸ್ ಚಾರ್ಜು, ಊಟ, ಒಂದು ಆಳಿನ ಕೂಲಿ ಆ ದುಡ್ಡಿನಿಂದ. ಸಾಕ್ಷಿ ಹೇಳುವ ದಿನ ಸಂಘದ ಇಬ್ಬರು ಜೊತೆಗೆ ಹೋಗಿ ಕೋರ್ಟು ಹಾಲಿನ ಹಿಂದಿನ ಬೆಂಚಿನಲ್ಲಿ ಕೂರುವುದು. ಅವನ ಮನೆ ಜಗಲಿಗೆ ರಾಜಿ ಮಾತಾಡಲು ಬಂದವರಿಗೆ, ಸಂಘದ ಹತ್ತಿರ ಬನ್ನಿ ಅಂತ ಹೇಳುವುದು. ಡಬ್ಬಿ ನಮ್ಮ ಹಾಲಿನ ಡೈರಿಯಲ್ಲಿ ಇಟ್ಟಿದ್ದೇವೆ, ಬೀಗದ ಕೈ ಕಾರ್ಯದರ್ಶಿ ಹತ್ತಿರ. ಯುಗಾದಿಗೆ ಎಣಿಸಿದಾಗ 7,400 ರೂಪಾಯಿ ಇತ್ತು. ಇನ್ನೂ ಯಾರೂ ಅದನ್ನು ಕೇಳಿಕೊಂಡು ಬಂದಿಲ್ಲ.